ಕೊಕ್ಕೆ ಕಡ್ಡಿ ನಮ್ಮೂರಿಗೆ ಬಂದ ದಾರಿ

ತುಮಕೂರು ಕಡೆ ಯಾರ ಮನೆಗೇ ಹೋಗಿ, ಬೀರು ಕೆಳಗಿನ ಖಾನೇಲೋ ಟ್ರಂಕಿನ ತಳದಲ್ಲೋ ಒಂದು ಕ್ರೋಶಾ ಸಾಮಾನು ಇದ್ದೇ ಇರುತ್ತೆ. ಅಜ್ಜಿ ಹಾಕಿದ ರೇಡಿಯೋ ಕವರ್ರು, ಅತ್ತೆ ಹೆಣೆದ ದಿಂಬಿನ ಲೇಸು, ಮಗು ಹುಟ್ಟಿದಾಗ ಚಿಕ್ಕಮ್ಮ ತಂದುಕೊಟ್ಟ ಕುಲಾವಿ. ಈಗಿನ ಹುಡುಗೀರ ಮನೇಲಾದ್ರೆ ಮದುವೆ ರೇಷ್ಮೆ ಸೀರೆ ಸೆರಗಿಗೆ ಹಾಕಿಸಿದ ಕ್ರೋಶಾ ಕುಚ್ಚು. ಇಷ್ಟು ಬಳಕೇಲಿರೋ ಕೆಲಸಕ್ಕೂ ಒಂದು ಚರಿತ್ರೆ ಇದೆ ಅಂತ ನಾವ್ಯಾರೂ ಯೋಚ್ನೆ ಮಾಡಿದೋರಲ್ಲ. ಯಾರಾದ್ರೂ ಬಂದು "ಏನ್ ಹಾಕ್ತಿದ್ದೀರಾ?" ಅಂತ ಕೇಳಿದ್ರೆ, "ಏನಿಲ್ಲ ಕಣ್ರೀ, ಸುಮ್ನೆ ಕೂತಿದ್ದೆ, ಅದಕ್ಕೆ ಏನೋ ಹಾಕ್ತಾ ಇದ್ದೀನಿ" ಅಂದ್ಬಿಡ್ತೀವಿ. ನಾನು ಇವತ್ತು ಬರೆಯೋಕೆ ಹೊರಟಿರೋದು ಈ "ಸುಮ್ನೆ" ಹಿಂದೆ ಏನೇನಿದೆ ಅಂತ. ಬಹಳ ದೂರದ ಕಥೆ ಇದು. ಅದರ ಒಂದು ಎಳೆ ನಮ್ಮ ಗುಬ್ಬಿಯ ಪಕ್ಕದಲ್ಲೂ ಹಾದು ಹೋಗುತ್ತೆ.

ಮೊದಲು ಒಂದು ಮಾತು. ಕ್ರೋಶಾ ಬರೋಕೆ ಮುಂಚೆ ನಮ್ಮಲ್ಲಿ ದಾರದ ಕೆಲಸ ಇರ್ಲಿಲ್ಲ ಅಂತ ಅಂದ್ಕೋಬೇಡಿ. ಅಡುಗೆಮನೆ ತೊಲೆಗೆ ನೇತುಹಾಕ್ತಿದ್ದ ನೆಲುವು ನೆನಪಿದ್ಯಾ? ಬೆಕ್ಕಿಗೆ ಎಟುಕದ ಹಾಗೆ ಹಾಲು, ಮೊಸರು, ಬೆಣ್ಣೆ ಗಡಿಗೆ ಇಡ್ತಿದ್ದ ಹಗ್ಗದ ಜಾಲ. ಕಣದಲ್ಲಿ ಎತ್ತು ತೆನೆಗೆ ಬಾಯಿ ಹಾಕದೆ ಇರ್ಲಿ ಅಂತ ಕಟ್ತಿದ್ದ ಕುಕ್ಕೆ, ಹುಲ್ಲು ಹೊರೋಕೆ ಇಟ್ಕೊಳ್ತಿದ್ದ ಕಲ್ಲಿ, ಇವೂ ಗಂಟು ಹಾಕಿ, ನಡುನಡುವೆ ಕಣ್ಣು ಬಿಟ್ಟು ಹೆಣೆದವೇ. ಗುಬ್ಬಿ, ತಿಪಟೂರು ಅಂದ್ರೆ ತೆಂಗಿನ ಸೀಮೆ. ನಾರು ಹೊಸೆದು ಹಗ್ಗ ಮಾಡೋದನ್ನ ನೋಡ್ಕೊಂಡೇ ಬೆಳೆದೋರು ನಾವು. ಚಿಕ್ಕನಾಯಕನಹಳ್ಳಿ, ಸಿರಾ ಕಡೆ ಕುರಿ ಉಣ್ಣೆ ನೂತು ಕಂಬಳಿ ನೇಯೋರು. ಕುಣಿಗಲ್ ಕಡೆ ಹಿಪ್ಪುನೇರಳೆ ಸೊಪ್ಪು, ರೇಷ್ಮೆ ಹುಳದ ತಟ್ಟೆ, ಗೂಡಿನ ಚಂದ್ರಿಕೆ. ನಾರು, ಉಣ್ಣೆ, ರೇಷ್ಮೆ ಮೂರೂ ನಮ್ಮ ಜಿಲ್ಲೇಲೇ ಇತ್ತು. ಗಂಟು ಹಾಕೋ ಬೆರಳೂ ಇತ್ತು. ಇಲ್ಲದೇ ಇದ್ದಿದ್ದು ತುದೀಲಿ ಕೊಕ್ಕೆ ಇರೋ ಆ ಗೇಣುದ್ದದ ಕಡ್ಡಿ ಮಾತ್ರ.

ಕ್ರೋಶೆ ಅನ್ನೋದು ಫ್ರೆಂಚ್ ಮಾತು. ಚಿಕ್ಕ ಕೊಕ್ಕೆ ಅಂತ ಅರ್ಥ. ನಮ್ಮ ಬಾಯಲ್ಲಿ ಅದು ಕ್ರೋಶಾ ಆಯ್ತು, ಕೆಲವರ ಬಾಯಲ್ಲಿ ಕುರೋಸಾನೂ ಆಯ್ತು. ಸ್ವೆಟರ್ ಹಾಕೋ ಹೆಣಿಗೆಗೂ ಇದಕ್ಕೂ ವ್ಯತ್ಯಾಸ ಗೊತ್ತಿಲ್ಲದೋರಿಗೆ ಹೇಳ್ತೀನಿ. ಸ್ವೆಟರಿಗೆ ಎರಡು ಕಡ್ಡಿ, ಒಂದು ಸಾಲಿನ ಕಣ್ಣೆಲ್ಲ ಒಟ್ಟಿಗೆ ಕಡ್ಡಿ ಮೇಲೆ ಕೂತಿರುತ್ತೆ. ಕಡ್ಡಿ ಜಾರಿದ್ರೆ ಎಲ್ಲ ಬಿಚ್ಚಿಕೊಳ್ಳುತ್ತೆ. ಕ್ರೋಶಾಗೆ ಒಂದೇ ಕಡ್ಡಿ, ಕಡ್ಡಿ ಮೇಲೆ ಸಾಮಾನ್ಯವಾಗಿ ಒಂದೇ ಕಣ್ಣು. ಅದಕ್ಕೇ ಒಲೆ ಮೇಲೆ ಹಾಲು ಉಕ್ಕಿತು ಅಂತ ಎದ್ದು ಓಡಿದ್ರೂ ಏನೂ ಕೆಡಲ್ಲ. ಮನೆಗೆಲಸದ ಮಧ್ಯೆ ಮಾಡೋಕೆ ಹೇಳಿ ಮಾಡಿಸಿದ ಹಾಗಿದೆ.

ಈ ಕಡ್ಡಿ ಹುಟ್ಟಿದ್ದು ಎಲ್ಲಿ? ಇಲ್ಲೊಂದು ಸ್ವಾರಸ್ಯ ಇದೆ. 18ನೇ ಶತಮಾನದಲ್ಲಿ ಯೂರೋಪಿನ ಶ್ರೀಮಂತರ ಮನೆ ಹೆಂಗಸರಿಗೆ ಟ್ಯಾಂಬೂರ್ ಅನ್ನೋ ಕಸೂತಿಯ ಹುಚ್ಚು ಹಿಡಿದಿತ್ತು. ಟ್ಯಾಂಬೂರ್ ಅಂದ್ರೆ ಡೋಲು. ಡೋಲಿಗೆ ಚರ್ಮ ಬಿಗಿದ ಹಾಗೆ ಬಳೆಗೆ ಬಟ್ಟೆ ಬಿಗಿದು, ಕೊಕ್ಕೆ ಸೂಜಿ ಚುಚ್ಚಿ, ಕೆಳಗಿನ ದಾರ ಮೇಲಕ್ಕೆ ಎಳೆದು ಚೈನು ಹಾಕೋದು. ಈ ಕಸೂತಿ ಅವರಿಗೆ ಹೋಗಿದ್ದು ಪೂರ್ವದ ದೇಶಗಳಿಂದ, ನಮ್ಮ ದೇಶವೂ ಅದರಲ್ಲಿ ಸೇರಿದೆ. ಕಚ್ಛಿನ ಮೋಚಿಗಳು ಚರ್ಮದ ಕೆಲಸಕ್ಕೆ ಬಳಸ್ತಿದ್ದ ಕೊಕ್ಕೆ ಸೂಜೀಲೇ ಬಟ್ಟೆ ಮೇಲೆ ರೇಷ್ಮೆ ಕಸೂತಿ ಮಾಡ್ತಿದ್ರು. ಅದರ ಹೆಸರು ಆರಿ. ಈಗ ನಮ್ಮ ಹೆಣ್ಮಕ್ಕಳು ಮದುವೆ ಬ್ಲೌಸಿಗೆ ಸಾವಿರಾರು ರೂಪಾಯಿ ಕೊಟ್ಟು ಮಾಡಿಸ್ತಾರಲ್ಲ "ಆರಿ ವರ್ಕು", ಅದೇ! ಟ್ಯಾಂಬೂರ್ ಕೆಲಸದಲ್ಲಿ ಬಟ್ಟೆ ತೆಗೆದುಬಿಟ್ಟು, ಬರೀ ಗಾಳೀಲಿ ಚೈನು ಹಾಕೋದು ಕಲಿತಾಗ ಕ್ರೋಶಾ ಹುಟ್ಟಿತು ಅಂತ ಈ ಕಸುಬಿನ ಚರಿತ್ರೆ ಬರೆದೋರಲ್ಲಿ ಹಲವರ ಅಭಿಪ್ರಾಯ. ಹಂಗಾದ್ರೆ ನಮ್ಮ ಕಡೆಯಿಂದ ಹೋದ ಕೊಕ್ಕೆಯೇ ದೇಶ ಸುತ್ತಿ, ಹೊಸ ವೇಷ ಹಾಕ್ಕೊಂಡು ನಮ್ಮ ಮನೆಗೆ ವಾಪಸ್ ಬಂದಿದೆ. ತವರಿನಿಂದ ಹೋದ ಬೀಜ ಅತ್ತೆ ಮನೆ ಹಿತ್ತಲಲ್ಲಿ ಬೆಳೆದು, ಹಣ್ಣಾಗಿ ತವರಿಗೆ ಬಂದ ಹಾಗೆ.

ಅಚ್ಚಾಗಿ ಸಿಕ್ಕಿರೋ ಮೊದಲ ಕ್ರೋಶಾ ಮಾದರಿಗಳು 1820ರ ದಶಕದಲ್ಲಿ ಪೆನೆಲೊಪೆ ಅನ್ನೋ ಡಚ್ ಪತ್ರಿಕೇಲಿ ಬಂದವು. ಚಿಕ್ಕ ಚಿಕ್ಕ ಪರ್ಸುಗಳ ಮಾದರಿ ಅವು. ಅಂದ್ರೆ ಕ್ರೋಶಾಗೆ ಇನ್ನೂರು ವರ್ಷ ಅಂತ ಇಟ್ಕೋಬಹುದು. ಆದ್ರೆ ಅದು ಹೊಟ್ಟೆಪಾಡಿನ ಕೆಲಸ ಆಗಿದ್ದು ಐರ್ಲೆಂಡ್ ದೇಶದಲ್ಲಿ, ಬರಗಾಲದಲ್ಲಿ.

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ರೋಗ ಬಂತು. ನಮಗೆ ರಾಗಿ ಹೆಂಗೋ ಅಲ್ಲಿನ ಬಡವರಿಗೆ ಆಲೂಗಡ್ಡೆ ಹಂಗೆ. ವರ್ಷದ ಮೇಲೆ ವರ್ಷ ಬೆಳೆ ನೆಲದಲ್ಲೇ ಕೊಳೀತು. ಹತ್ತು ಲಕ್ಷದಷ್ಟು ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿ ದೇಶ ಬಿಟ್ಟರು. ಆಗ ಕಾರ್ಕ್ ಊರಿನ ಹತ್ತಿರದ ಕಾನ್ವೆಂಟಿನ ಸನ್ಯಾಸಿನಿಯರು ಹೆಣ್ಮಕ್ಕಳಿಗೆ ಕ್ರೋಶಾ ಕಲಿಸಿದ್ರು. ಕ್ಲೋನ್ಸ್ ಅನ್ನೋ ಊರಲ್ಲಿ ಪಾದ್ರಿಯ ಹೆಂಡತಿ ಕಸಾಂಡ್ರಾ ಹ್ಯಾಂಡ್ 1847ರಲ್ಲಿ ಇದೇ ಕೆಲಸ ಶುರು ಮಾಡಿದ್ರು. ಇಟಲಿಯ ವೆನಿಸ್ ಲೇಸು ಸೂಜೀಲಿ ಹೊಲಿಯೋದು, ಒಂದು ತುಂಡಿಗೇ ತಿಂಗಳುಗಟ್ಟಲೆ ಹಿಡಿಯೋದು. ಅದೇ ಹೂವು, ಅದೇ ಎಲೆಯನ್ನ ಕ್ರೋಶಾ ಕಡ್ಡೀಲಿ ಬೇಗ ತೆಗೀಬಹುದು. ಗುಲಾಬಿ, ದ್ರಾಕ್ಷಿ, ಎಲೆ ಎಲ್ಲ ಬೇರೆಬೇರೆ ಹಾಕ್ಕೊಂಡು, ಆಮೇಲೆ ಜಾಲರಿಯಲ್ಲಿ ಕೂಡಿಸೋರು. ಒಂದು ಮನೇಲಿ ಹೂವು, ಪಕ್ಕದ ಮನೇಲಿ ಎಲೆ, ಮತ್ತೊಂದು ಮನೇಲಿ ಕೂಡಿಸೋದು. ಗಂಡಸರ ಹೊಲ ಕೈಕೊಟ್ಟಾಗ ಮನೆ ಒಲೆ ಉರಿದಿದ್ದು ಈ ಕೊಕ್ಕೆಯಿಂದ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯೂ ಐರಿಷ್ ಲೇಸು ಕೊಂಡ್ಕೊಂಡು ಹೆಸರು ತಂದುಕೊಟ್ಟಳು. ಅವಳಿಗೆ ಸ್ವತಃ ಕ್ರೋಶಾ ಬರ್ತಿತ್ತು. 1900ರಲ್ಲಿ, ಎಂಬತ್ತು ದಾಟಿದ ವಯಸ್ಸಲ್ಲಿ, ದಕ್ಷಿಣ ಆಫ್ರಿಕಾದ ಯುದ್ಧದಲ್ಲಿ ಶೌರ್ಯ ತೋರಿದ ಸೈನಿಕರಿಗೆ ಅಂತ ತನ್ನ ಕೈಯಾರೆ ಎಂಟು ಸ್ಕಾರ್ಫ್ ಹಾಕಿದ್ದಳು. ರಾಣಿ ಹಾಕಿದ್ದು ಗೌರವದ ಕಾಣಿಕೆ ಆಯ್ತು, ಬಡವಿ ಹಾಕಿದ್ದು ಕೂಲಿ ಆಯ್ತು. ಕಡ್ಡಿ ಮಾತ್ರ ಇಬ್ಬರದ್ದೂ ಒಂದೇ.

ಈಗ ಗುಬ್ಬಿಗೆ ಬರೋಣ. ಗುಬ್ಬಿ ಅಂದ ಕೂಡಲೇ ನಮಗೆಲ್ಲ ವೀರಣ್ಣೋರ ನಾಟಕ ಕಂಪನಿ ನೆನಪಾಗುತ್ತೆ. ಆದ್ರೆ ಕಂಪನಿ ಹುಟ್ಟೋಕೆ ನಲವತ್ತು ವರ್ಷ ಮುಂಚೇನೇ ಅಲ್ಲಿ ವೆಸ್ಲಿಯನ್ ಮಿಷನ್ನಿನೋರು ಬಂದಿದ್ರು. ಥಾಮಸ್ ಹಾಡ್ಸನ್ ಅನ್ನೋರು 1830ರ ದಶಕದ ಕೊನೇಲಿ ಗುಬ್ಬೀಲಿ ಕೆಲಸ ಶುರು ಮಾಡಿದ್ರು. 1839ರಲ್ಲಿ ವಿಲಿಯಂ ಆರ್ಥರ್ ಅನ್ನೋ ಇಪ್ಪತ್ತು ವರ್ಷದ ಹುಡುಗ ಬಂದು ಅವರ ಜೊತೆ ಸೇರಿದ್ರು. ಈ ಆರ್ಥರ್ ಐರ್ಲೆಂಡಿನವರು. ಕನ್ನಡ ಕಲಿತು, ಸಂತೆ ಜಾತ್ರೆಗಳಲ್ಲಿ ನಿಂತು ಜನರ ಹತ್ರ ಮಾತಾಡ್ತಿದ್ರು. ಕಣ್ಣಿಗೆ ತೊಂದರೆಯಾಗಿ 1841ರಲ್ಲಿ ವಾಪಸ್ ಹೋದ್ರು. 1847ರಲ್ಲಿ ತಮ್ಮ ಮೈಸೂರು ಸೀಮೆ ಅನುಭವವನ್ನ ಪುಸ್ತಕ ಮಾಡಿದ್ರು. ಆ ಪುಸ್ತಕ ಬಂದ ವರ್ಷವೇ ಅವರ ಹುಟ್ಟಿದ ದೇಶದಲ್ಲಿ ಬರದ ಮಧ್ಯೆ ಹೆಣ್ಮಕ್ಕಳು ಕ್ರೋಶಾ ಕಡ್ಡಿ ಹಿಡಿದಿದ್ದು.

ಆರ್ಥರ್ ಗುಬ್ಬಿಗೆ ಕ್ರೋಶಾ ತರಲಿಲ್ಲ. ಅವರು ಬಂದಾಗ ಅದು ಅವರ ದೇಶದಲ್ಲೇ ಇನ್ನೂ ಹಬ್ಬಿರಲಿಲ್ಲ. ಅಂಥೋರು ಹಾಕಿಕೊಟ್ಟಿದ್ದು ಶಾಲೆಯ ದಾರಿ. ಆಮೇಲೆ ಆ ದಾರೀಲಿ ಅವರ ಹೆಂಗಸರು ಬಂದ್ರು, ಹೆಂಗಸರ ಜೊತೆ ಸೂಜಿ ದಾರ ಬಂತು. ಬೆಂಗಳೂರಲ್ಲಿ 1840ರ ದಶಕದಲ್ಲಿ ಲಂಡನ್ ಮಿಷನ್ನಿನ ಶ್ರೀಮತಿ ರೈಸ್, ಶ್ರೀಮತಿ ಸೀವೆಲ್ ಇಬ್ಬರೂ ಕನ್ನಡದ ಹೆಣ್ಮಕ್ಕಳಿಗೆ ಶಾಲೆ ಮಾಡಿದ್ರು. ಆ ಕಾಲದಲ್ಲಿ "ಹೆಣ್ಮಗು ಓದಿ ಏನಾಗಬೇಕು?" ಅನ್ನೋರೇ ಎಲ್ರೂ. ಬರೀ ಅಕ್ಷರ ಅಂದ್ರೆ ಕಳಿಸದೋರು, ಹೊಲಿಗೆನೂ ಹೇಳಿಕೊಡ್ತಾರೆ ಅಂದ್ರೆ ಮನಸ್ಸು ಮಾಡೋರು. ಅದಕ್ಕೇ ದೇಶದ ಎಲ್ಲ ಕಡೆ ಮಿಷನ್ ಶಾಲೆಗಳಲ್ಲಿ ಬೆಳಿಗ್ಗೆ ಓದು, ಆಮೇಲೆ ಹೊಲಿಗೆ, ಹೆಣಿಗೆ, ಲೇಸು ಅಂತ ಇಟ್ಟಿದ್ದು. ನಮ್ಮಜ್ಜಿ ಕಾಲದ ಹೆಂಗಸರಿಗೆ ಅಕ್ಷರ ಕಲಿಯೋಕೆ ಈ ಸೂಜಿಯೇ ಬಾಗಿಲು ತೆಗೀತು ಅಂದ್ರೂ ತಪ್ಪಿಲ್ಲ.

ಆ ಶ್ರೀಮತಿ ರೈಸ್ ಅವರ ಮಗನೇ ಬಿ.ಎಲ್. ರೈಸ್. ಶಾಸನಗಳನ್ನೆಲ್ಲ ಹುಡುಕಿ ಅಚ್ಚು ಹಾಕಿಸಿದ ರೈಸ್ ಸಾಹೇಬರು ಅಂತ ಶಾಲೆ ಪುಸ್ತಕದಲ್ಲಿ ಓದಿದ್ದೀವಲ್ಲ, ಅವರು. ನಮ್ಮ ತುಮಕೂರು ಜಿಲ್ಲೆ ಶಾಸನಗಳ ಸಂಪುಟ ಬಂದಿದ್ದು 1904ರಲ್ಲಿ. ಮಗ ಕಲ್ಲಿನ ಬರಹ ಕಾಪಾಡಿದ್ರು, ಅದರಿಂದ ಯಾವ ರಾಜ ಯಾವ ಕೆರೆ ಕಟ್ಟಿಸಿದ ಅಂತ ನಮಗೆ ಗೊತ್ತಾಯ್ತು. ಅಮ್ಮ ಕಲಿಸಿದ ಸೂಜಿ ಕೆಲಸದ ಮಕ್ಕಳು ಏನು ಹೊಲಿದ್ರು, ಅವರ ಹೆಸರೇನು, ಅದನ್ನ ಯಾರೂ ಬರೆದಿಡಲಿಲ್ಲ. ದಾರ ಮಣ್ಣಾಗುತ್ತೆ, ಗೆದ್ದಲು ಹಿಡಿಯುತ್ತೆ. ಹೆಂಗಸರ ಚರಿತ್ರೆ ಕಡಿಮೆ ಸಿಗೋದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತೆ.

ಐರ್ಲೆಂಡಿನ ಹಾಗೇ ನಮಗೂ ಒಂದು ದೊಡ್ಡ ಬರ ಬಂತು. ಧಾತು, ಈಶ್ವರ ಸಂವತ್ಸರದ ಬರ ಅಂತಾರೆ, 1876ರಿಂದ 78ರವರೆಗೆ. ತುಮಕೂರು, ಕೋಲಾರ, ಬೆಂಗಳೂರು, ಚಿತ್ರದುರ್ಗದ ಕಡೆ ಬಹಳ ಜೋರಾಗಿತ್ತು. 1871ರ ಜನಗಣತೀಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷ ದಾಟಿದ್ದ ಜನ 1881ರ ಹೊತ್ತಿಗೆ 42 ಲಕ್ಷದ ಒಳಗೆ ಇಳಿದುಬಿಟ್ಟಿದ್ರು. ಸತ್ತೋರು ಹತ್ತು ಲಕ್ಷ ಅನ್ನೋದು ಆಗಿನ ಲೆಕ್ಕ. ಅಪ್ಪ ಅಮ್ಮ ಇಲ್ಲದ ಮಕ್ಕಳು ರಸ್ತೆಗೆ ಬಿದ್ದಾಗ ಮಿಷನ್ನಿನೋರು ಅನಾಥಾಲಯ ತೆಗೆದು, ಗಂಡುಮಕ್ಕಳಿಗೆ ಮರಗೆಲಸದಂಥ ಕಸುಬು, ಹೆಣ್ಮಕ್ಕಳಿಗೆ ಹೊಲಿಗೆ ಹೆಣಿಗೆ ಹೇಳಿಕೊಟ್ಟರು. ಈಗ ನಾವು ಚರ್ಚ್ ಸರ್ಕಲ್ ಹತ್ರ ಬಸ್ಸಿಳಿದು ಎಂ.ಜಿ. ರಸ್ತೆಗೆ ಸೀರೆ ನೋಡೋಕೆ ಹೋಗ್ತೀವಲ್ಲ, ಆ ಚರ್ಚ್ ಅನ್ನೋ ಹೆಸರಿನ ಹಿಂದೆ ಇಂಥ ಕಾಲದ ನೆನಪೆಲ್ಲ ಇದೆ.

ಪಕ್ಕದ ಆಂಧ್ರದಲ್ಲಿ ಈ ಕಥೆ ಇನ್ನೂ ದೊಡ್ಡದಾಗಿ ಬೆಳೀತು. ಗೋದಾವರಿ ಜಿಲ್ಲೇಲಿ 1844ರ ಹೊತ್ತಿಗೆ ಮ್ಯಾಕ್‌ರೇ ಅನ್ನೋ ಸ್ಕಾಟ್ಲೆಂಡಿನ ದಂಪತಿ ಲೇಸು ಕೆಲಸ ಕಲಿಸಿದ್ರು ಅಂತಾರೆ. ಮೊದಲು ಕಲಿತೋರು ಬಡ ಕ್ರೈಸ್ತ ಹೆಣ್ಮಕ್ಕಳು. ಆಮೇಲೆ ಮನೆ ಬಿಟ್ಟು ಹೊರಗೆ ಕೂಲಿಗೆ ಹೋಗದ ಜಾತಿಯ ಹೆಂಗಸರೂ ಕಲಿತ್ರು. ನರಸಾಪುರ ಅನ್ನೋ ಊರು ಇದಕ್ಕೆ ಹೆಸರಾಯ್ತು. ಟೇಬಲ್ ಬಟ್ಟೆ, ಹಾಸಿಗೆ ಹೊದಿಕೆ, ಕಾಲರ್ ಎಲ್ಲ ಹಡಗಿನಲ್ಲಿ ಪರದೇಶಕ್ಕೆ ಹೋದವು. 2024ರಲ್ಲಿ ನರಸಾಪುರದ ಕ್ರೋಶಾ ಲೇಸಿಗೆ ಜಿಐ ಟ್ಯಾಗೂ ಸಿಕ್ತು. ನಮ್ಮ ಮೈಸೂರು ರೇಷ್ಮೆ, ಧಾರವಾಡದ ಕಸೂತಿ, ಚನ್ನಪಟ್ಟಣದ ಗೊಂಬೆಗೆ ಸಿಕ್ಕ ಹಾಗೇ.

ಆದ್ರೆ ಇದರ ಇನ್ನೊಂದು ಮಗ್ಗುಲೂ ನೋಡಬೇಕು. ಮರಿಯಾ ಮೀಸ್ ಅನ್ನೋ ಜರ್ಮನಿಯ ಪ್ರೊಫೆಸರ್ ಒಬ್ಬರು ನರಸಾಪುರಕ್ಕೆ ಬಂದು, ಲೇಸು ಹೆಣೆಯೋ ಹೆಂಗಸರ ಜೊತೆ ಕೂತು ಲೆಕ್ಕ ಹಾಕಿ, 1982ರಲ್ಲಿ ಪುಸ್ತಕ ಬರೆದ್ರು. ಮನೆಗೆಲಸ ಎಲ್ಲ ಮುಗಿಸಿ, ಅದರ ಮೇಲೆ ದಿನಕ್ಕೆ ಆರೆಂಟು ಗಂಟೆ ಆ ಹೆಂಗಸರು ಲೇಸು ಹಾಕ್ತಿದ್ರು. ಕೈಗೆ ಬರ್ತಿದ್ದಿದ್ದು ಪುಡಿಗಾಸು. ಅವರ ಹತ್ರ ಮಾಲು ತಗೊಂಡು ಪರದೇಶಕ್ಕೆ ಕಳಿಸೋ ವ್ಯಾಪಾರಿಗಳು ಮಾತ್ರ ಶ್ರೀಮಂತರಾದ್ರು. ಯಾಕೆ ಹೀಗೆ ಅಂದ್ರೆ, ಎಲ್ರೂ ಹೇಳ್ತಿದ್ದಿದ್ದು ಒಂದೇ ಮಾತು: ಇವರು ಕೆಲಸದೋರಲ್ಲ, ಗೃಹಿಣಿಯರು, ಬಿಡುವಿನ ವೇಳೇಲಿ ಏನೋ ಹಾಕ್ತಾರೆ ಅಂತ. ಕೆಲಸ ಅಂತ ಒಪ್ಪಿದ್ರೆ ತಾನೇ ಕೂಲಿ ಕೇಳೋಕಾಗೋದು? ನಾನು ಮೊದಲಲ್ಲಿ ಹೇಳಿದ "ಸುಮ್ನೆ" ಅನ್ನೋ ಮಾತಿನ ಬೆಲೆ ಎಷ್ಟು ಅಂತ ಆ ಪುಸ್ತಕದ ವಿಷಯ ತಿಳಿದಾಗ ನನಗೆ ಅರ್ಥ ಆಯ್ತು.

ಇನ್ನು ನಮ್ಮ ಮನೆಗಳ ಕಥೆ. ಸ್ವಾತಂತ್ರ್ಯ ಬಂದ ಮೇಲೆ ಮಿಷನ್ ಶಾಲೆ ಕೆಲಸ ಸರ್ಕಾರಿ ಶಾಲೆಗೂ ಬಂತು. ಹೆಣ್ಮಕ್ಕಳ ಶಾಲೇಲಿ ಒಬ್ಬ ಹೊಲಿಗೆ ಟೀಚರ್ ಇರ್ತಿದ್ರು. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಗ್ರಾಮಸೇವಿಕೆಯರು ಹಳ್ಳಿಹಳ್ಳಿಗೆ ಬಂದು ಮಹಿಳಾ ಮಂಡಳಿ ಮಾಡಿ, ಹೊಗೆಯಿಲ್ಲದ ಒಲೆಯಿಂದ ಹಿಡಿದು ಹೊಲಿಗೆವರೆಗೆ ಹೇಳಿಕೊಡೋರು. ನಮ್ಮಮ್ಮ ಗುಬ್ಬಿ ಕಡೆಯೋರು, ಕ್ರೋಶಾ ಕಲಿತಿದ್ದು ಶಾಲೇಲಿ. ನಮ್ಮತ್ತೆ ಕುಣಿಗಲ್ ಕಡೆಯೋರು, ಶಾಲೆ ಮೆಟ್ಟಿಲು ಹೆಚ್ಚು ಹತ್ತಿದೋರಲ್ಲ, ಅವರು ಕಲಿತಿದ್ದು ಪಕ್ಕದ ಮನೆ ಜಗಲಿ ಮೇಲೆ ಕೂತು. ಅಮ್ಮ "ಡಬಲ್ ಕ್ರೋಶಾ" ಅಂತಿದ್ರೆ ಅತ್ತೆ "ಕಂಬ" ಅಂತಿದ್ರು. "ಮೂರು ಚೈನು ಹತ್ತು, ಪಕ್ಕದಲ್ಲಿ ಒಂದು ಕಂಬ ನಿಲ್ಸು, ಅದೇ ಗುಂಡೀಲಿ ಇನ್ನೊಂದು ಕಂಬ" ಅಂತ ಹೇಳಿಕೊಡೋವಾಗ ಚಪ್ಪರ ಹಾಕೋದು ಹೇಳ್ತಾ ಇದ್ದಾರೇನೋ ಅನ್ನಿಸ್ತಿತ್ತು. ಬೀಗಿತ್ತಿಯರಿಬ್ಬರೂ ನಮ್ಮನೇಲಿ ಸೇರಿದಾಗ ಬಾಯಿ ಮಾತು ಕಡಿಮೆ, ಕಡ್ಡಿ ಮಾತು ಜಾಸ್ತಿ.

ಆಗ ಹಾಕ್ತಿದ್ದ ಸಾಮಾನುಗಳ ಪಟ್ಟಿ ನೋಡಿದ್ರೇನೇ ಮನೆಗೆ ಯಾವಾಗ ಏನು ಬಂತು ಅನ್ನೋ ಚರಿತ್ರೆ ಸಿಗುತ್ತೆ. ಮೊದಲು ದಿಂಬಿನ ಲೇಸು, ಹಾಲಿನ ಪಾತ್ರೆ ಮುಚ್ಚೋ ಮಣಿ ಕಟ್ಟಿದ ಜಾಲರಿ, ದೇವರ ಮಣೆ ಹಾಸು. ರೇಡಿಯೋ ಬಂದ ಮೇಲೆ ರೇಡಿಯೋ ಕವರ್ರು. ಎಂಬತ್ತರ ದಶಕದಲ್ಲಿ ಟೀವಿ ಬಂತು, ಟೀವಿ ಕವರ್ರು ಬಂತು. ಆಮೇಲೆ ಫ್ರಿಜ್ ಮೇಲಕ್ಕೊಂದು, ಫೋನಿಗೊಂದು, ಮಿಕ್ಸಿಗೊಂದು. ಉಲ್ಲನ್ ತೋರಣ, ಅದರಲ್ಲಿ ಗಿಳಿ, ಮಾವಿನಕಾಯಿ. ದುಡ್ಡು ಕೊಟ್ಟು ತಂದ ವಸ್ತುವಿಗೆ ಧೂಳು ಕೂರದಿರಲಿ ಅಂತ ಹಾಕ್ತಿದ್ರು, ಅದು ನಿಜ. ಜೊತೆಗೆ, ಗಂಡಸರ ದುಡ್ಡಲ್ಲಿ ಬಂದ ಆ ಸಾಮಾನಿಗೆ ತಮ್ಮ ಕೈಯ ಗುರುತೂ ಇರಲಿ ಅನ್ನೋ ಆಸೆ ಇತ್ತೇನೋ. ವಾರಪತ್ರಿಕೆಯಿಂದ ಕತ್ತರಿಸಿದ ಡಿಸೈನು ಹಾಳೆಗಳನ್ನ ಅತ್ತೆ ಸಕ್ಕರೆ ಡಬ್ಬೀಲಿ ಇಡ್ತಿದ್ರು. ಓದೋಕೆ ಕಷ್ಟ, ಆದ್ರೆ ಚಿತ್ರ ನೋಡಿ ಕಣ್ಣು ಎಣಿಸಿ ಹಾಕ್ಬಿಡೋರು.

ಕಡ್ಡಿ, ದಾರಕ್ಕೂ ಒಂದು ಲೆಕ್ಕ ಇದೆ. ಸಣ್ಣ ಕೆಲಸದ ಸ್ಟೀಲ್ ಕಡ್ಡಿಗೆ ನಂಬರು ದೊಡ್ಡದಾದಷ್ಟೂ ಕಡ್ಡಿ ಸಣ್ಣ. ದಾರಕ್ಕೂ ಹಂಗೇ, 20ಕ್ಕಿಂತ 40 ತೆಳು. ಪೋನಿ ಅಂತ ಬರೆದಿರೋ ಕಡ್ಡಿ ಎಲ್ರ ಹತ್ರ ಇರುತ್ತಲ್ಲ, ಅದು ಪರದೇಶದ್ದೇನಲ್ಲ, ಊಟಿ ಹತ್ರದ ಕೇಟಿ ಅನ್ನೋ ಕಡೆ ಇರೋ ಕಾರ್ಖಾನೆಯ ಬ್ರ್ಯಾಂಡು.

ತೊಂಬತ್ತರ ನಂತರ ಈ ಕೆಲಸ ಸ್ವಲ್ಪ ಮೂಲೆ ಸೇರ್ತು. ರೆಡಿಮೇಡ್ ಸ್ವೆಟರು, ಪ್ಲಾಸ್ಟಿಕ್ ಕವರ್ರು, ಗೋಡೆಗೆ ಅಂಟಿದ ಟೀವಿ. ಅದರ ಮೇಲೆ ಕವರ್ ಹಾಕೋದಾದ್ರೂ ಎಲ್ಲಿ! ಕ್ರೋಶಾ ಕಡ್ಡಿ ಇನ್ನೇನು ನೆಲುವಿನ ಹಾಗೆ ಮರೆತೇ ಹೋಗುತ್ತೆ ಅನ್ನೋ ಹೊತ್ತಿಗೆ ಅದನ್ನ ಉಳಿಸಿದ್ದು ಸೀರೆ ಸೆರಗು.

ರೇಷ್ಮೆ ಸೀರೆ ಮಗ್ಗದಿಂದ ಇಳಿಸಿದಾಗ ಸೆರಗಿನ ಅಂಚಲ್ಲಿ ಹಾಸಿನ ಎಳೆ ಬಿಡಿಬಿಡಿಯಾಗಿ ಉಳಿಯುತ್ತೆ. ಅದು ಬಿಚ್ಚಿಕೊಳ್ಳದ ಹಾಗೆ ಗಂಟು ಹಾಕೋದೇ ಕುಚ್ಚು. ನಮ್ಮಮ್ಮನ ಕಾಲದಲ್ಲಿ ಅಷ್ಟೇ ಇದ್ದಿದ್ದು. ಈಗ ಕ್ರೋಶಾ ಕುಚ್ಚು ಅಂದ್ರೆ ಅದೇ ಒಂದು ಕಸುಬು. ಮೊದಲು ಸೆರಗಿನ ಅಂಚಿಗೆ ಕಡ್ಡಿ ಚುಚ್ಚಿ ಒಂದು ಸಾಲು ಬಿಗಿಯಾಗಿ ಹಾಕಬೇಕು. ಅದರ ಮೇಲೆ ಚೈನಿನ ಕಮಾನು, ಕಮಾನಿಗೆ ಮಣಿ, ಮತ್ತೊಂದು ಸಾಲು ಕಂಬ, ಕೊನೇಲಿ ಸೀರೆ ಬಣ್ಣಕ್ಕೆ ಒಪ್ಪೋ ಸಿಲ್ಕ್ ದಾರದ ಕುಚ್ಚು. ಸೆರಗಿನ ಈ ತುದಿಯಿಂದ ಆ ತುದಿವರೆಗೆ ಲೆಕ್ಕ ತಪ್ಪಬಾರದು. ಬಿಗಿ ಜಾಸ್ತಿ ಆದ್ರೆ ಸೆರಗು ಸುಕ್ಕು, ಸಡಿಲ ಆದ್ರೆ ಜೋಲು. ಯೋಚ್ನೆ ಮಾಡಿ ನೋಡಿ: ನಮ್ಮ ರೇಷ್ಮೆ, ಬರಗಾಲದಲ್ಲಿ ಬೆಳೆದ ಐರಿಷ್ ಹೆಂಗಸರ ಕಡ್ಡಿ, ಮಗ್ಗದೋರ ಹಳೇ ಗಂಟು, ಮೂರೂ ಒಂದೇ ಸೆರಗಲ್ಲಿ. ಹೊರಗಿಂದ ಬಂದದ್ದು ನಮ್ಮದಾಗೋದು ಹಿಂಗೇ. 2000ದಿಂದ ಸ್ತ್ರೀಶಕ್ತಿ ಸಂಘಗಳು ಬಂದ ಮೇಲಂತೂ ಸಂಘದ ಸಾಲದಲ್ಲಿ ದಾರ, ಮಣಿ ತಂದು ಕುಚ್ಚು ಹಾಕೋರು ನಮ್ಮ ಬೀದಿಗೇ ನಾಲ್ಕು ಜನ ಇದ್ದಾರೆ.

ಜೊತೆಗೆ ಗೊಂಬೆ ಬಂತು. ಜಪಾನಿನೋರು ಅಮಿಗುರುಮಿ ಅಂತಾರೆ, ಹೆಣೆದು ಒಳಗೆ ಹತ್ತಿ ತುಂಬಿದ ಗೊಂಬೆ ಅಂತ ಅರ್ಥ. ಕಾಲೇಜು ಹುಡುಗೀರು ಮೊಬೈಲ್ ನೋಡಿ ಕಲಿತು ಕೀ ಬಂಚಿಗೆ ಸೂರ್ಯಕಾಂತಿ, ಬ್ಯಾಗಿಗೆ ಕರಡಿ ಹಾಕ್ತಾರೆ. ಜಡೆಗೆ ಕ್ಲಿಪ್ಪು, ಕಿವಿಗೆ ಓಲೆನೂ ಬಂದಿದೆ. 2016ರ ಜನವರೀಲಿ ಚೆನ್ನೈನಲ್ಲಿ ಬೇರೆಬೇರೆ ಊರಿನ ಹೆಂಗಸರು ತಮ್ಮ ತಮ್ಮ ಮನೇಲಿ ಹಾಕಿದ ತುಂಡುಗಳನ್ನ ಸೇರಿಸಿ 11,148.5 ಚದರ ಮೀಟರಿನ ಹೊದಿಕೆ ಮಾಡಿ ಗಿನ್ನೆಸ್ ದಾಖಲೆ ಮಾಡಿದ್ರು. ನಮ್ಮ ಲೆಕ್ಕದಲ್ಲಿ ಎರಡೂಮುಕ್ಕಾಲು ಎಕರೆ ಹೊಲಕ್ಕೆ ಹಾಸಿದ ಹಾಗೆ! ಎಲ್ಲ ಅಡುಗೆಮನೆ ಕೆಲಸ ಮುಗಿಸಿ ಕೂತ ಕೈಗಳದ್ದೇ.

ಇದರಲ್ಲಿ ಖುಷಿ ಏನು ಅಂತ ಕೇಳ್ತಾರೆ. ಹೇಳ್ತೀನಿ. ಮನೆಗೆಲಸ ಹೆಂಗೆ ಅಂದ್ರೆ, ಮಾಡಿದ್ದು ಕಾಣಲ್ಲ, ಮಾಡದಿದ್ರೆ ಕಾಣುತ್ತೆ. ಬೆಳಿಗ್ಗೆ ತೊಳೆದ ಪಾತ್ರೆ ಮಧ್ಯಾಹ್ನಕ್ಕೆ ಮತ್ತೆ ಸಿಂಕಲ್ಲಿ. ಬೇಯಿಸಿದ ಮುದ್ದೆ ಹತ್ತು ನಿಮಿಷಕ್ಕೆ ಖಾಲಿ. ಕ್ರೋಶಾ ಒಂದೇ, ನಿನ್ನೆ ಹಾಕಿದ ಸಾಲು ಇವತ್ತೂ ಅಲ್ಲೇ ಇರುತ್ತೆ. ಅದರ ಮೇಲೆ ಇವತ್ತಿನ ಸಾಲು ಕೂರುತ್ತೆ. ತಪ್ಪಾದ್ರೆ ಎಳೆದ್ರೆ ಸಾಕು, ದಾರ ದಾರವಾಗೇ ವಾಪಸ್ ಕೈಗೆ ಬರುತ್ತೆ, ಏನೂ ನಷ್ಟ ಇಲ್ಲ. ಉಪ್ಪು ಜಾಸ್ತಿಯಾದ ಸಾರಿಗೆ ಹಂಗೆ ಮಾಡೋಕಾಗುತ್ತಾ? ಎಣಿಸ್ತಾ ಎಣಿಸ್ತಾ ತಲೇಲಿ ಸುತ್ತೋ ನೂರು ಯೋಚ್ನೆ ಒಂದೊಂದೇ ಕೂತ್ಕೊಳ್ಳುತ್ತೆ. ಮೊಮ್ಮಗುಗೆ ಅಂತ ಆನೆ ಹಾಕೋವಾಗ ಸೊಂಡಿಲು ಬಂತು, ಕಿವಿ ಬಂತು ಅಂತ ನಮಗೇ ನಗು ಬರುತ್ತೆ. ಅಂಗಡಿ ಗೊಂಬೆಗೆ ಬೆಲೆಚೀಟಿ ಇರುತ್ತೆ, ನಾವು ಹಾಕಿದ್ದಕ್ಕೆ ಆ ಮಗುವಿನ ಹೆಸರೇ ಇರುತ್ತೆ.

ಖುಷಿ ಇದೆ ಅಂದ ಮಾತ್ರಕ್ಕೆ ಕೂಲಿ ಬೇಡ ಅಂತಲ್ಲ. ಒಂದು ಸಲ ಗಡಿಯಾರ ನೋಡ್ಕೊಂಡು ಲೆಕ್ಕ ಇಟ್ಟೆ. ಐದು ಸಾಲಿನ, ಮಣಿ ಹಾಕಿದ ಕುಚ್ಚು. ಬಿಟ್ಟು ಬಿಟ್ಟು ಹಾಕಿ ಒಟ್ಟು 11 ಗಂಟೆ ಆಯ್ತು. ದಾರ, ಮಣಿಗೆ 120 ರೂಪಾಯಿ ನಂದೇ. ಕೆಲಸ ಕೊಟ್ಟ ಅಂಗಡಿಯೋರು ಕೊಟ್ಟಿದ್ದು 450. ಅಂದ್ರೆ ಗಂಟೆಗೆ 30 ರೂಪಾಯಿ. ಅದೇ ಸೀರೆಗೆ ಗಿರಾಕಿ ಹತ್ರ 1,100 ತಗೊಂಡಿದ್ರು ಅಂತ ಆಮೇಲೆ ಆ ಸೀರೆ ಉಟ್ಟೋರ ಬಾಯಿಂದಲೇ ಗೊತ್ತಾಯ್ತು. ಕೇಳಿದ್ರೆ, "ನೀವು ಮನೇಲಿ ಕೂತು ಟೈಂಪಾಸಿಗೆ ಹಾಕೋದಲ್ವಾ ಅಮ್ಮ" ಅಂದ್ರು. ನರಸಾಪುರದ ಹೆಂಗಸರಿಗೆ ನಲವತ್ತು ವರ್ಷದ ಹಿಂದೆ ಹೇಳಿದ್ದ ಮಾತೇ, ಅಕ್ಷರ ಬದಲಾಗದೆ, ತುಮಕೂರಲ್ಲಿ ನನ್ನ ಕಿವಿಗೆ ಬಿತ್ತು.

ಆಮೇಲಿಂದ ನಾವು ನಾಲ್ಕೈದು ಜನ ಸೇರಿ ಒಂದು ಪದ್ಧತಿ ಮಾಡ್ಕೊಂಡಿದ್ದೀವಿ. ಚಿಕ್ಕ ನೋಟ್ ಬುಕ್ಕಲ್ಲಿ ಯಾವ ಸೀರೆ, ಎಷ್ಟು ಸಾಲು, ಎಷ್ಟು ಗಂಟೆ, ದಾರಕ್ಕೆ ಎಷ್ಟು ಅಂತ ಬರೀತೀವಿ. ದಾರದ ದುಡ್ಡು ಮುಂಚೇನೇ ಬೇರೆ ಇಸ್ಕೊಳ್ತೀವಿ. ಒಬ್ಬರು ಕಡಿಮೆಗೆ ಒಪ್ಕೊಂಡು ಇನ್ನೊಬ್ಬರ ಕೆಲಸ ಕೆಡಿಸಬಾರದು ಅಂತ ಮಾತಾಗಿದೆ. ಗಿರಾಕಿ ನೇರವಾಗಿ ಮನೆಗೆ ಬಂದ್ರೆ ಇಬ್ಬರಿಗೂ ಅನುಕೂಲ. ಇದರಿಂದ ಯಾರೂ ಬಂಗಲೆ ಕಟ್ಟಿಲ್ಲ. ಆದ್ರೆ ನಮ್ಮ ಪಕ್ಕದ ಬೀದಿ ತಂಗಿಯೊಬ್ಬಳು, ಗಂಡ ತೀರಿಕೊಂಡ ಮೇಲೆ, ಮಗಳ ಪಿಯುಸಿ ಫೀಸು ಪೂರಾ ಕುಚ್ಚಿನ ದುಡ್ಡಲ್ಲೇ ಕಟ್ಟಿದ್ದಾಳೆ. ಅವಳ ಮುಂದೆ ನಿಂತು ಇದು ಟೈಂಪಾಸು ಅನ್ನೋಕೆ ಯಾರಿಗೆ ಬಾಯಿ ಬರುತ್ತೆ?

ಅದಕ್ಕೇ ಹೇಳೋದು, ಇನ್ಮೇಲೆ ಯಾರಾದ್ರೂ "ಏನ್ ಮಾಡ್ತಿದ್ದೀರಾ?" ಅಂದ್ರೆ "ಕೆಲಸ ಮಾಡ್ತಿದ್ದೀನಿ" ಅನ್ನಿ. ಖುಷಿಗೆ ಹಾಕೋದಾದ್ರೂ ಸರಿ, ಹಂಗೇ ಅನ್ನಿ.

ಕೊನೇದಾಗಿ ಒಂದು ಕೇಳಿಕೆ. ಈ ಸಲ ಹಬ್ಬಕ್ಕೆ ಟ್ರಂಕು ತೆಗೆದಾಗ ಹಳೇ ಲೇಸು ಸಿಕ್ಕಿದ್ರೆ ಒರೆಸೋ ಬಟ್ಟೆ ಮಾಡಬೇಡಿ. ತಣ್ಣೀರಲ್ಲಿ ಚೂರು ಸೀಗೆಪುಡಿನೋ ಶಾಂಪೂನೋ ಹಾಕಿ ನೆನೆಸಿ, ಹಿಂಡದೆ ಟವೆಲ್ಲಲ್ಲಿ ಒತ್ತಿ, ನೆರಳಲ್ಲಿ ಚಪ್ಪಟೆಯಾಗಿ ಹರಡಿ ಒಣಗಿಸಿ. ನೇತುಹಾಕಿದ್ರೆ ಜೋಲು ಬೀಳುತ್ತೆ. ಒಣಗಿದ ಮೇಲೆ ಹಳೇ ಕಾಟನ್ ಪಂಚೇಲಿ ಸುತ್ತಿಡಿ, ಪ್ಲಾಸ್ಟಿಕ್ ಬೇಡ. ಅದರ ಜೊತೆ ಒಂದು ಚೀಟಿ ಇಡಿ: ಯಾರು ಹಾಕಿದ್ದು, ಯಾವ ಊರು, ಯಾರಿಂದ ಕಲಿತ್ರು, ಸುಮಾರು ಯಾವ ವರ್ಷ. ಇನ್ನೂ ನೆನಪಿಟ್ಟುಕೊಂಡಿರೋ ಅಜ್ಜಿ, ದೊಡ್ಡಮ್ಮ ಇದ್ರೆ ಈ ವಾರವೇ ಹೋಗಿ ಕೇಳಿ. ನಾನು ನಮ್ಮತ್ತೆಯ ಸಕ್ಕರೆ ಡಬ್ಬಿಯೊಳಗೆ ಅಂಥ ಚೀಟಿ ಒಂದು ಇಟ್ಟಿದ್ದೀನಿ.